ಸಾಕ್ಷಿ ಹೇಳದ ಪಾದ್ರಿ

ದೇವರು ಇದ್ದಾನೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಾವು ಈಗ ವಿಜ್ಞಾನಿಗಳನ್ನು ಕಟಕಟೆಗೆ ಕರೆಯುತ್ತೇವೆ. ಹಿಂದೆ ಋಷಿಗಳನ್ನೋ ಸಂತರನ್ನೋ ಕೇಳುತ್ತಿದ್ದುದನ್ನು ಇಂದು ದೂರದರ್ಶಕದ ಮುಂದೆ ಕುಳಿತವರನ್ನು ಕೇಳುವುದು ರೂಢಿಯಾಗಿದೆ. ಆಸ್ತಿಕರು ಒಬ್ಬ ಸಾಕ್ಷಿಯನ್ನು ಕರೆತಂದರೆ ನಾಸ್ತಿಕರು ಇನ್ನೊಬ್ಬನನ್ನು ಕರೆತರುತ್ತಾರೆ. ಸಾಕ್ಷಿ ಏನು ಹೇಳಿದ ಎಂಬುದಕ್ಕಿಂತ ಯಾರ ಪಕ್ಷದಲ್ಲಿ ನಿಂತ ಎಂಬುದೇ ಮುಖ್ಯವಾಗುತ್ತದೆ. ಈ ವ್ಯಾಜ್ಯದಲ್ಲಿ ಎಲ್ಲರಿಗಿಂತ ಬೆಲೆಯುಳ್ಳ ಸಾಕ್ಷಿಯಾಗಬಹುದಾಗಿದ್ದ ಮಹನೀಯರೊಬ್ಬರಿದ್ದರು. ವಿಶ್ವದ ಆರಂಭವನ್ನು ಭೌತವಿಜ್ಞಾನದ ಭಾಷೆಯಲ್ಲಿ ವಿವರಿಸಲು ಮೊತ್ತಮೊದಲು ಹೊರಟವರು ಅವರು. ಜೊತೆಗೆ, ನಿಲುವಂಗಿ ತೊಟ್ಟ ಕ್ರೈಸ್ತ ಪಾದ್ರಿ. ಅಂತಹವರು ಬಾಯಿ ತೆರೆದಿದ್ದರೆ ಆಸ್ತಿಕರ ಪಕ್ಷ ಗೆದ್ದಂತೆಯೇ ಆಗುತ್ತಿತ್ತು. ಅವರು ಸಾಕ್ಷಿ ಹೇಳಲು ಒಪ್ಪಲಿಲ್ಲ.

ಜಾರ್ಜ್ ಲೆಮೇತ್ರರು 1894ರ ಜುಲೈ 17ರಂದು ಬೆಲ್ಜಿಯಂ ದೇಶದ ಶಾರ್ಲರುವಾ ಎಂಬ ಕಲ್ಲಿದ್ದಲಿನ ಊರಿನಲ್ಲಿ ಜನಿಸಿದರು. ಎಂಜಿನಿಯರಾಗಬೇಕೆಂದು ಲೂವೆನ್ ವಿಶ್ವವಿದ್ಯಾನಿಲಯಕ್ಕೆ ಸೇರಿದವರು 1914ರಲ್ಲಿ ಮಹಾಯುದ್ಧಕ್ಕೆ ಹೊರಟು, ಫಿರಂಗಿ ದಳದಲ್ಲಿ ಸೇವೆ ಸಲ್ಲಿಸಿ, ಶೌರ್ಯಪದಕದೊಡನೆ ಹಿಂದಿರುಗಿದರು. ಯುದ್ಧ ಮುಗಿದ ಮೇಲೆ ಎಂಜಿನಿಯರಿಂಗನ್ನು ಬಿಟ್ಟು ಗಣಿತವನ್ನು ಹಿಡಿದರು. 1920ರಲ್ಲಿ ಡಾಕ್ಟರೇಟ್, 1923ರಲ್ಲಿ ಪುರೋಹಿತ ದೀಕ್ಷೆ. ಅನಂತರ ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್ನರ ಬಳಿ ಒಂದು ವರ್ಷ, ಅಮೆರಿಕದ ಹಾರ್ವರ್ಡ್‌ನಲ್ಲಿ ಸ್ವಲ್ಪ ಕಾಲ ಅಧ್ಯಯನ ಮಾಡಿ, 1925ರಲ್ಲಿ ಲೂವೆನ್ನಿನಲ್ಲಿಯೇ ಅಧ್ಯಾಪಕರಾದರು.

ಅವರ ಮೊದಲ ದೊಡ್ಡ ಲೇಖನ 1927ರಲ್ಲಿ ಬ್ರಸೆಲ್ಸ್‌ನ ಪತ್ರಿಕೆಯೊಂದರಲ್ಲಿ, ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು. ಹೆಚ್ಚು ಜನ ಓದದ ಪತ್ರಿಕೆ. ಐನ್‌ಸ್ಟೈನರ ಸಮೀಕರಣಗಳಿಂದ ಹೊರಟು, 42 ನೀಹಾರಿಕೆಗಳ ವೇಗವನ್ನೂ ದೂರವನ್ನೂ ಹೋಲಿಸಿ, ವಿಶ್ವವು ಹಿಗ್ಗುತ್ತಿದೆಯೆಂದು ಅದರಲ್ಲಿ ತೋರಿಸಿದ್ದರು. ಇಡ್ಲಿಯ ಹಿಟ್ಟಿಗೆ ನಾಲ್ಕಾರು ಮೆಣಸಿನ ಕಾಳುಗಳನ್ನು ಬೆರೆಸಿ ರಾತ್ರಿ ಹುದುಗಲು ಇಟ್ಟರೆ, ಬೆಳಗಾಗುವ ವೇಳೆಗೆ ಹಿಟ್ಟು ಉಕ್ಕಿ ಕಾಳುಗಳು ಒಂದರಿಂದೊಂದು ದೂರ ಸರಿದಿರುತ್ತವೆ. ಕಾಳುಗಳು ತಾವಾಗಿ ನಡೆದು ಹೋದದ್ದಲ್ಲ. ನಡುವಿನ ಹಿಟ್ಟೇ ಹಿಗ್ಗಿದ್ದು. ಮೊದಲೇ ದೂರವಿದ್ದ ಕಾಳುಗಳ ನಡುವೆ ಹಿಟ್ಟು ಹೆಚ್ಚಾದ್ದರಿಂದ ಅವು ಇನ್ನೂ ಬೇಗ ದೂರವಾಗುತ್ತವೆ. ನೀಹಾರಿಕೆಗಳ ಪಾಡೂ ಇಂತಹುದೇ. ಅದೇ ವರ್ಷ ಬ್ರಸೆಲ್ಸ್‌ಗೆ ಬಂದಿದ್ದ ಐನ್‌ಸ್ಟೈನರನ್ನು ಈ ಯುವಕ ಪಾದ್ರಿ ಕಂಡಾಗ, ಲೆಕ್ಕವೇನೋ ಸರಿಯಾಗಿದೆ, ಭೌತವಿಜ್ಞಾನ ಮಾತ್ರ ಸಹಿಸಲಾರದ್ದು ಎಂಬ ಅರ್ಥದ ಉತ್ತರ ದೊರೆಯಿತಂತೆ. ಅಲುಗದ ವಿಶ್ವವೇ ಆಗ ಐನ್‌ಸ್ಟೈನರಿಗೆ ಪ್ರಿಯವಾಗಿತ್ತು. ಎರಡು ವರ್ಷಗಳ ಬಳಿಕ, 1929ರಲ್ಲಿ, ಹಬಲ್ಲರು ಇದೇ ಸಂಬಂಧವನ್ನು ಪ್ರಕಟಿಸಿದರು. ನಿಯಮಕ್ಕೆ ಅವರ ಹೆಸರೇ ನಿಂತಿತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಮತ ಹಾಕಿಸಿ ಅದನ್ನು ‘ಹಬಲ್–ಲೆಮೇತ್ರ ನಿಯಮ’ವೆಂದು ಕರೆಯಲು ಶಿಫಾರಸು ಮಾಡಿದ್ದು 2018ರಲ್ಲಿ.

ಹಿಗ್ಗುತ್ತಿರುವುದು ಹಿಂದೆ ಕುಗ್ಗಿದ್ದಿರಲೇಬೇಕು. ಈ ಸರಳ ವಿಚಾರವನ್ನು ಕೊನೆಯವರೆಗೆ ಹಿಂಬಾಲಿಸುವ ಧೈರ್ಯವನ್ನು ಲೆಮೇತ್ರರು ಮಾಡಿದರು. 1931ರ ಮೇ ತಿಂಗಳಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪುಟ್ಟ ಪತ್ರವೊಂದು ಪ್ರಕಟವಾಯಿತು. ಜಗತ್ತಿನ ವಸ್ತುವೆಲ್ಲ ಒಂದೇ ಒಂದು ಆದಿಕಣದಲ್ಲಿ ಅಡಗಿತ್ತು. ಅದು ಒಡೆದು ಒಡೆದು ಇಂದಿನ ಜಗತ್ತಾಯಿತು. ಆ ಮೊದಲ ಕ್ಷಣದಲ್ಲಿ ದೇಶ, ಕಾಲ ಎಂಬ ಮಾತುಗಳಿಗೇ ಅರ್ಥವಿರಲಿಲ್ಲ ಎಂಬುದು ಅದರ ತಾತ್ಪರ್ಯ. ಮುಂದಿನ ಕಥೆಯೆಲ್ಲ ಗ್ರಾಮಾಫೋನ್ ತಟ್ಟೆಯ ಮೇಲಿನ ಹಾಡಿನಂತೆ ಮೊದಲೇ ಕೊರೆದಿಟ್ಟುದಲ್ಲ, ಹೆಜ್ಜೆಹೆಜ್ಜೆಗೂ ಹೊಸದಾಗಿ ಬರೆದುಕೊಂಡದ್ದು ಎಂಬ ಸೊಗಸಾದ ಹೋಲಿಕೆಯೂ ಅಲ್ಲಿದೆ. ಒಂದು ಪುಟವನ್ನೂ ತುಂಬದ ಬರಹದಲ್ಲಿ ಇಷ್ಟು ದೊಡ್ಡ ಮಾತನ್ನು ಇಷ್ಟು ತಗ್ಗಿದ ದನಿಯಲ್ಲಿ ಹೇಳಿದವರು ವಿರಳ.

ಕೂಡಲೇ ಅನುಮಾನವೂ ಹುಟ್ಟಿತು. ಪಾದ್ರಿಯಾದವನು ವಿಶ್ವಕ್ಕೆ ಆರಂಭವಿದೆ ಎಂದರೆ, ಬೈಬಲಿನ ಸೃಷ್ಟಿಕಥೆಯನ್ನೇ ಗಣಿತದ ಉಡುಪು ತೊಡಿಸಿ ಹಿಂಬಾಗಿಲಿನಿಂದ ತರುತ್ತಿದ್ದಾನೆ ಎಂದು ಜನ ಭಾವಿಸದೆ ಇರುತ್ತಾರೆಯೇ? ಗುರುಗಳಾದ ಎಡಿಂಗ್ಟನ್ನರಿಗೇ ಆರಂಭದ ಕಲ್ಪನೆ ಹಿಡಿಸಲಿಲ್ಲ. ಇಂಗ್ಲೆಂಡಿನ ಫ್ರೆಡ್ ಹಾಯ್ಲರಿಗಂತೂ ಅದು ವಿಜ್ಞಾನದ ಮಾತಾಗಿಯೇ ತೋರಲಿಲ್ಲ. ಆರಂಭವೂ ಅಂತ್ಯವೂ ಇಲ್ಲದ ಸ್ಥಿರಸ್ಥಿತಿಯ ವಿಶ್ವವನ್ನು ಅವರೂ, ಬಾಂಡಿ ಮತ್ತು ಗೋಲ್ಡರೂ 1948ರಲ್ಲಿ ಮುಂದಿಟ್ಟರು. ಮರುವರ್ಷ ಬಿ.ಬಿ.ಸಿ. ಬಾನುಲಿಯಲ್ಲಿ ಮಾತನಾಡುತ್ತ ಎದುರು ಪಕ್ಷದ ಸಿದ್ಧಾಂತವನ್ನು ಹಾಯ್ಲರು ‘ಬಿಗ್ ಬ್ಯಾಂಗ್’ ಎಂದು ಕರೆದರು. ಎದುರಾಳಿ ಇಟ್ಟ ಹೆಸರೇ ಮಗುವಿಗೆ ಉಳಿದುಬಿಟ್ಟಿತು.

ಇತ್ತ ರೋಮಿನಲ್ಲಿ ಇನ್ನೊಂದು ಬಗೆಯ ತೊಡಕು. 1951ರ ನವೆಂಬರ್ 22ರಂದು ಪೋಪ್ ಹನ್ನೆರಡನೆಯ ಪಯಸ್ಸರು ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಮಾತನಾಡುತ್ತ, ಬೆಳಕಾಗಲಿ ಎಂದು ದೇವರು ನುಡಿದ ಆದಿಕ್ಷಣಕ್ಕೆ ಇಂದಿನ ವಿಜ್ಞಾನವೇ ಸಾಕ್ಷಿಯಾಗಿದೆ, ಆದುದರಿಂದ ಸೃಷ್ಟಿ ನಡೆದುದು ನಿಜ, ಸೃಷ್ಟಿಕರ್ತನೂ ನಿಜ ಎಂಬ ಧಾಟಿಯಲ್ಲಿ ಸಾರಿದರು. ಲೆಮೇತ್ರರ ಹೆಸರನ್ನು ಅವರು ಎತ್ತಲಿಲ್ಲ. ಆದರೂ ಮಾತು ಯಾರ ಸಿದ್ಧಾಂತವನ್ನು ಕುರಿತದ್ದೆಂಬುದು ತಿಳಿದವರಿಗೆ ತಿಳಿದೇ ಇತ್ತು. ಬೇರೊಬ್ಬರಾಗಿದ್ದರೆ ಹಿಗ್ಗಿ ಹೋಗುತ್ತಿದ್ದರು. ತಮ್ಮ ಧರ್ಮದ ಪರಮಾಚಾರ್ಯರೇ ತಮ್ಮ ಶೋಧವನ್ನು ಎತ್ತಿಹಿಡಿದಿರುವಾಗ ಇನ್ನೇನು ಬೇಕು? ಲೆಮೇತ್ರರು ಕಳವಳಗೊಂಡರು. ಮರುವರ್ಷ ದಕ್ಷಿಣ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ರೋಮಿನಲ್ಲಿ ಇಳಿದು, ವ್ಯಾಟಿಕನ್ ವೀಕ್ಷಣಾಲಯದ ಮುಖ್ಯರಾಗಿದ್ದ ಫಾದರ್ ಓ’ಕಾನೆಲ್ಲರೊಡನೆ ಈ ಕುರಿತು ಸಮಾಲೋಚಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. 1952ರ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳನ್ನು ಪೋಪರು ಮತ್ತೆ ಸಂಬೋಧಿಸಿದಾಗ ಆ ಹಳೆಯ ವಾದ ಅವರ ಭಾಷಣದಲ್ಲಿ ಇರಲಿಲ್ಲ.

ಅದೇ ಸಮ್ಮೇಳನದಲ್ಲಿ ವಾಲ್ಟರ್ ಬಾಡೆ ಎಂಬ ವಿಜ್ಞಾನಿ ನೀಹಾರಿಕೆಗಳ ದೂರದ ಅಳತೆಯೇ ತಪ್ಪಾಗಿದೆ, ಅದನ್ನು ಇಮ್ಮಡಿ ಮಾಡಬೇಕು ಎಂದು ತೋರಿಸಿಕೊಟ್ಟರು. ಅಂದರೆ ವಿಶ್ವದ ವಯಸ್ಸಿನ ಲೆಕ್ಕವೂ ಒಂದೇ ದಿನದಲ್ಲಿ ಇಮ್ಮಡಿಯಾಯಿತು. ಇಂದಿನ ಲೆಕ್ಕ ಸುಮಾರು 1,380 ಕೋಟಿ ವರ್ಷ. ದೇವರನ್ನು ಒಂದು ಅಂಕಿಗೆ ಕಟ್ಟಿಹಾಕಿದವರು ಅಂಕಿ ಸರಿದಾಗ ಏನು ಮಾಡಬೇಕು?

ಹಾಗೆಂದು ಲೆಮೇತ್ರರ ನಿಲುವು ಬರಿಯ ಜಾಣತನದ್ದಾಗಿರಲಿಲ್ಲ. ಯೌವನದಲ್ಲಿ ಅವರೂ ಈ ಆಸೆಗೆ ಒಳಗಾಗಿದ್ದವರೇ. ದೀಕ್ಷೆ ಪಡೆಯುವ ಮುನ್ನ, ಬೈಬಲಿನ ಸೃಷ್ಟಿವಾಕ್ಯಗಳನ್ನು ಭೌತವಿಜ್ಞಾನಕ್ಕೆ ಹೊಂದಿಸುವ ಒಂದು ಬರಹವನ್ನು ಬರೆದಿದ್ದರು. ಮುಂದೆ ಆ ದಾರಿಯನ್ನು ಕೈಬಿಟ್ಟರು. ಧರ್ಮಗ್ರಂಥ ಮೋಕ್ಷದ ಮಾರ್ಗವನ್ನು ಕಲಿಸುತ್ತದೆ, ಭೌತವಿಜ್ಞಾನವನ್ನಲ್ಲ ಎಂಬುದು ಅವರ ನಿಶ್ಚಯವಾಯಿತು. ‘ಆರಂಭ’ ಬೇರೆ, ‘ಸೃಷ್ಟಿ’ ಬೇರೆ. ಆರಂಭವೆಂಬುದು ಗಣಿತ ಮುಟ್ಟಬಹುದಾದ ಒಂದು ಸ್ಥಿತಿ. ಸೃಷ್ಟಿಯೆಂಬುದು ಇರುವುದೆಲ್ಲ ಏತಕ್ಕೆ ಇದೆ ಎಂಬ ಪ್ರಶ್ನೆ. ಅದು ಮೊದಲ ಕ್ಷಣಕ್ಕೆ ಎಷ್ಟೋ ಈ ಕ್ಷಣಕ್ಕೂ ಅಷ್ಟೇ ಸಲ್ಲುತ್ತದೆ. ತಮ್ಮ ಸಿದ್ಧಾಂತವು ದೇವರ ಪ್ರಶ್ನೆಯ ಹೊರಗೆ ನಿಲ್ಲುತ್ತದೆ, ನಾಸ್ತಿಕನಿಗೂ ಅದರಿಂದ ತೊಂದರೆಯಿಲ್ಲ, ಆಸ್ತಿಕನಿಗೂ ಇಲ್ಲ ಎಂದು 1958ರಲ್ಲಿ ಅವರು ಸ್ಪಷ್ಟವಾಗಿಯೇ ಹೇಳಿದರು.

1931ರ ಆ ಪತ್ರದ ಕರಡಿನಲ್ಲಿ ಇನ್ನೊಂದು ಕಂಡಿಕೆ ಇತ್ತು. ದೇವರನ್ನು ನಂಬುವವರು ಆತನು ಮರೆಯಲ್ಲಿರುವವನೆಂದೂ ನಂಬುತ್ತಾರೆ. ಸೃಷ್ಟಿಯ ಮುಂದೆ ಇಂದಿನ ಭೌತವಿಜ್ಞಾನ ಒಂದು ತೆರೆಯನ್ನು ಎಳೆದಿರುವುದನ್ನು ಕಂಡು ಅವರಿಗೆ ಸಂತೋಷವೇ ಆಗಬಹುದು ಎಂಬುದು ಅದರ ಭಾವ. ಅಚ್ಚಿಗೆ ಕಳುಹಿಸುವ ಮುನ್ನ ಲೆಮೇತ್ರರು ಅದನ್ನು ಹೊಡೆದುಹಾಕಿದರು. ನನಗೆ ಈ ಹೊಡೆದುಹಾಕಿದ ಸಾಲುಗಳು ಅಚ್ಚಾದ ಸಾಲುಗಳಷ್ಟೇ ದೊಡ್ಡವಾಗಿ ಕಾಣುತ್ತವೆ. ಅವುಗಳಲ್ಲಿ ಅವರ ಪ್ರಾರ್ಥನೆಯಿದೆ; ಆದರೆ ಪ್ರಾರ್ಥನೆಯನ್ನು ಪ್ರಮಾಣವೆಂದು ಮಾರಲು ಅವರಿಗೆ ಮನಸ್ಸು ಬರಲಿಲ್ಲ.

ಎದುರು ದಿಕ್ಕಿನಿಂದಲೂ ಇದೇ ಹೆಜ್ಜೆಯನ್ನು ಇಟ್ಟವರುಂಟು. ಸ್ಟೀಫನ್ ಹಾಕಿಂಗರು 1988ರ ತಮ್ಮ ಪ್ರಸಿದ್ಧ ಪುಸ್ತಕವನ್ನು ದೇವರ ಮನಸ್ಸಿನ ಮಾತಿನೊಡನೆ ಮುಗಿಸಿ, 2010ರಲ್ಲಿ, ವಿಶ್ವವನ್ನು ಆರಂಭಿಸಲು ದೇವರ ಅವಶ್ಯಕತೆಯೇ ಇಲ್ಲವೆಂದು ಬರೆದರು. ಅದನ್ನು ಓದಿದ ನಮ್ಮ ಕಾಲೇಜಿನ ಹುಡುಗನೊಬ್ಬ, ಇನ್ನು ಸಂಧ್ಯಾವಂದನೆಯನ್ನು ಬಿಡಬಹುದೇ ಸಾರ್ ಎಂದು ನನ್ನನ್ನು ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಮನೆಯಲ್ಲಿ ತಂದೆಯೊಡನೆ ಮಾತು ಬಿಡುವವರೆಗೆ ಹೋಗಿತ್ತು. ಬಿಡುವುದೂ ಹಿಡಿಯುವುದೂ ಅವನಿಗೆ ಸೇರಿದ್ದು. ಆದರೆ ಗುರುತ್ವಾಕರ್ಷಣೆಯ ನಿಯಮವಿದ್ದರೆ ವಿಶ್ವ ತಾನೇ ಹುಟ್ಟೀತು ಎಂಬಲ್ಲಿ ಆ ನಿಯಮ ಎಲ್ಲಿಂದ ಬಂತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪೋಪರ ‘ಆದುದರಿಂದ’ ಎಷ್ಟು ಅವಸರದ್ದೋ ಹಾಕಿಂಗರ ‘ಆದುದರಿಂದ’ವೂ ಅಷ್ಟೇ ಅವಸರದ್ದು.

ನಮ್ಮವರೇನೂ ಕಡಮೆಯಿಲ್ಲ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತದಲ್ಲಿ ಮಹಾಸ್ಫೋಟವನ್ನು ಕಂಡುಹಿಡಿದು ಹೆಮ್ಮೆಪಡುವವರು ಊರೂರಿಗೂ ಇದ್ದಾರೆ. ಆ ಸೂಕ್ತದ ಕವಿಯಾದರೋ ಕೊನೆಗೆ, ಇದೆಲ್ಲ ಎಲ್ಲಿಂದ ಬಂತೆಂಬುದು ಮೇಲಿರುವವನಿಗಾದರೂ ತಿಳಿದಿದೆಯೋ ಇಲ್ಲವೋ ಎಂದು ಸಂದೇಹದಲ್ಲಿಯೇ ನಿಲ್ಲಿಸುತ್ತಾನೆ. ಆತನ ಸಂದೇಹವನ್ನು ನಮ್ಮ ಹೆಮ್ಮೆ ನುಂಗಿಹಾಕುವುದು ಅನ್ಯಾಯ.

ಲೆಮೇತ್ರರು 1960ರಲ್ಲಿ ಪೋಪರ ವಿಜ್ಞಾನ ಅಕಾಡೆಮಿಗೆ ಅಧ್ಯಕ್ಷರಾದರು. ವಿಜ್ಞಾನದಲ್ಲಿ ಅವರ ಊಹೆಗಳೆಲ್ಲವೂ ನಿಲ್ಲಲಿಲ್ಲ. ಆದಿಕಣದ ಸಿಡಿತದಿಂದ ಉಳಿದ ಕುರುಹೇ ವಿಶ್ವಕಿರಣಗಳೆಂದು ಅವರು ನಂಬಿದ್ದರು, ಅದು ನಿಜವಾಗಲಿಲ್ಲ. ನಿಜವಾದ ಕುರುಹು ದೊರೆತದ್ದು ಬೇರೆಡೆಯಲ್ಲಿ. ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ತಮ್ಮ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಬಿಡದ ಒಂದು ಗೊರಗೊರ ಸದ್ದನ್ನು ಕಂಡುಕೊಂಡು 1965ರಲ್ಲಿ ಪ್ರಕಟಿಸಿದರು. ಅದು ಆದಿಕಾಲದ ಕಾವು ತಣಿದು ಉಳಿದ ಶೇಷ. ಶೂನ್ಯಶಾಖಕ್ಕಿಂತ ಮೂರು ಡಿಗ್ರಿಯಷ್ಟೇ ಮೇಲೆ. ಹಾಯ್ಲರ ಪಕ್ಷಕ್ಕೆ ಅದು ದೊಡ್ಡ ಪೆಟ್ಟಾಯಿತು. ಸುದ್ದಿಯನ್ನು ಲೂವೆನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದ ಲೆಮೇತ್ರರಿಗೆ ಮುಟ್ಟಿಸಿದವರು ಅವರ ಸಹಾಯಕರಾಗಿದ್ದ ಓಡನ್ ಗೋದಾರ್. ಕೇಳಿ ಅವರು ಸಂತೋಷಪಟ್ಟರಂತೆ. ಸ್ವಲ್ಪದರಲ್ಲೇ, 1966ರ ಜೂನ್ 20ರಂದು, ತೀರಿಕೊಂಡರು.