ಅಕ್ಷರಕ್ಕೆ ಅಲಂಕಾರ ಸಾಕು, ಓದಲು ಬಿಡಿ ಸ್ವಾಮಿ!

ಎಂಟನೇ ತರಗತಿಯ ಮಕ್ಕಳಿಗೆ ನಾವೊಂದು ಸಣ್ಣ ಮನೆಗೆಲಸ ಕೊಟ್ಟಿದ್ದೆವು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಕಥೆಯನ್ನು ಯಾವುದಾದರೂ ಕನ್ನಡ ಜಾಲತಾಣದಲ್ಲಿ ಓದಿ, ಹತ್ತು ಸಾಲು ಬರೆದುಕೊಂಡು ಬನ್ನಿ ಅಂತ. ಮರುದಿನ ಒಬ್ಬ ಹುಡುಗ ತಂದದ್ದು ತೆಲುಗಿನಿಂದ ಇಳಿಸಿಕೊಂಡದ್ದು. ಯಾಕಪ್ಪಾ ಅಂದರೆ, "ಕನ್ನಡದಾಗೆ ಅಕ್ಷರ ಒಂದರ ಮ್ಯಾಲೆ ಒಂದು ಕುಂತಿದ್ವು ಸಾರ್, ತೆಲುಗಲ್ಲಿ ನೋಡಿ ಬರ್ಕಂಡ್ ಬಂದೆ" ಅಂದ!

ಹುಡುಗ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡು ನಾವೇ ತೆರೆದು ನೋಡಿದೆವು. ಅವನು ಹೇಳಿದ್ದು ನಿಜ. ಹಿಂದೆ ತಾಯಿ ಭುವನೇಶ್ವರಿಯ ಚಿತ್ರ, ಅದರ ಮೇಲೆ ಹಳದಿ ಅಕ್ಷರ, ಮೇಲ್ಗಡೆ ಓಡುವ ಸಾಲು. ಅಕ್ಷರಗಳೋ, ಮದುವೆ ಕರೆಯೋಲೆಯಲ್ಲಿ ಇರಬೇಕಾದವು. 'ರಾಷ್ಟ್ರ' ಎಂಬ ಪದದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಢಿಕ್ಕಿ ಹೊಡೆದು ನಿಂತಿದ್ದವು.

ಕನ್ನಡ ಜಾಲತಾಣ ಮಾಡುವ ಮಹನೀಯರೇ, ನೀವು ಮಾಡುತ್ತಿರುವುದು ಕನ್ನಡ ಸೇವೆಯೋ, ಕನ್ನಡ ಓದದಂತೆ ಮಾಡುವ ವ್ಯವಸ್ಥೆಯೋ?

ಬೆಂಗಳೂರಿನಲ್ಲಿ ಕೂತವರಿಗೆ ಇದು ಸಣ್ಣ ವಿಷಯ. ನಮಗಲ್ಲ. ರಾಯದುರ್ಗದಲ್ಲಿ ಅಪ್ಪ ಜೀನ್ಸ್ ಹೊಲಿಯುತ್ತಾನೆ, ರಾತ್ರಿ ಅರ್ಧ ಗಂಟೆ ಅವನ ಫೋನು ಮಗನ ಕೈಗೆ ಬರುತ್ತದೆ. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಆದರೆ ಜಿಲ್ಲೆ ಬದಲಾದರೂ ಅಲ್ಲಿನ ಕನ್ನಡ ಮಕ್ಕಳ ಪಾಡು ಇದೇ. ಬೀದಿಯ ಬೋರ್ಡು ತೆಲುಗು, ಬಸ್ಸಿನ ಬೋರ್ಡು ತೆಲುಗು. ಪಠ್ಯಪುಸ್ತಕ ಬಿಟ್ಟರೆ ಕನ್ನಡ ಸಿಗುವುದು ಆ ಅಂಗೈಯಗಲದ ಪರದೆಯಲ್ಲಿ. ಅಲ್ಲೂ ಓದಲಾಗದಿದ್ದರೆ ಮಗು ಫಾಂಟನ್ನು ಬಯ್ಯುವುದಿಲ್ಲ ಸ್ವಾಮಿ, "ಕನ್ನಡ ಕಷ್ಟ" ಅನ್ನುತ್ತದೆ. ಆ ಮಾತು ಅಪ್ಪನ ಕಿವಿಗೆ ಬಿದ್ದರೆ ಮುಂದಿನ ಜೂನ್‌ನಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ. ಹೆಸರು ಕಡಿಮೆಯಾಗುತ್ತಾ ಹೋದರೆ ಶಾಲೆ ಎಲ್ಲಿ ಉಳಿಯುತ್ತದೆ?

ನಮ್ಮ ಲಿಪಿಗೆ ಅದರದೇ ಬೇಡಿಕೆಗಳಿವೆ. ಇಂಗ್ಲಿಷಿಗೆ ಸಾಲುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ದ-ಧ, ಡ-ಢ ಇವುಗಳ ನಡುವೆ ಇರುವುದು ಒಂದು ಚಿಕ್ಕ ಸೀಳು. ದಪ್ಪ ಅಕ್ಷರ ಬಳಸಿದರೆ ಅದು ಮುಚ್ಚಿಹೋಗುತ್ತದೆ. 'ಮ' ಯಾವುದು, 'ವು' ಯಾವುದು ಎಂದು ದೊಡ್ಡವರೇ ತಡಕಾಡುತ್ತಾರೆ. ನಮ್ಮ ಮಕ್ಕಳಿಗೆ ಇನ್ನೂ ಒಂದು ಕಷ್ಟ ಹೆಚ್ಚು. ತೆಲುಗು, ಕನ್ನಡ ಎರಡೂ ಅಕ್ಕತಂಗಿ ಲಿಪಿಗಳು, ಯುನಿಕೋಡ್ ಪಟ್ಟಿಯಲ್ಲೂ ಅಕ್ಕಪಕ್ಕದ ಮನೆಗಳು. ಎಷ್ಟೋ ಅಕ್ಷರಗಳನ್ನು ಬೇರೆ ಮಾಡಿ ತೋರಿಸುವುದು ತಲೆಕಟ್ಟು. ಆ ತಲೆಕಟ್ಟನ್ನೇ ಬಳ್ಳಿ ಮಾಡಿ ಸುತ್ತಿದರೆ ಮಗು ಯಾವುದನ್ನು ಹಿಡಿದು ಓದಬೇಕು?

"ಅಂದ ಬೇಡವೇ ಮೇಷ್ಟ್ರೇ? ಕನ್ನಡ ಲಿಪಿಗಳ ರಾಣಿಯಲ್ಲವೇ?" ಅನ್ನುವವರಿದ್ದಾರೆ. ರಾಣಿ ಸರಿ, ಹಾಗಂತ ಹೊತ್ತಿಗೊಂದು ವೇಷ ಹಾಕಿ ಕುಣಿಸುವುದೇ? ತಲೆಬರಹಕ್ಕೆ ಬೇಕಾದಷ್ಟು ಸಿಂಗಾರ ಮಾಡಿ, ಯಾರು ಬೇಡ ಅಂದರು? ಒಳಗಿನ ಬರಹವನ್ನು ಬಿಟ್ಟುಬಿಡಿ. ಟಿ.ಸಿ.ಎಚ್. ಓದುವಾಗ ನಮಗೆ ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಕಲಿಸಿದರು. ಕೊನೆಯ ಬೆಂಚಿನ ಮಗುವಿಗೆ ಕಾಣದಿದ್ದರೆ ಅದು ಬರವಣಿಗೆಯೇ ಅಲ್ಲ ಎಂಬುದೇ ಅಲ್ಲಿನ ಪಾಠ.

ಒಂದು ಕಾಲದಲ್ಲಿ ತಾಣಕ್ಕೊಂದು ಫಾಂಟು ಇಳಿಸಿಕೊಳ್ಳಬೇಕಿತ್ತು, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್ ಆ ಕಷ್ಟ ತಪ್ಪಿಸಿತು. ನೋಟೋದಂಥ ಸರಳ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಇಷ್ಟಾದರೂ ಬರಹವನ್ನು ಫೋಟೋ ಮಾಡಿ ಹಾಕುವ ಚಾಳಿ ಹೋಗಿಲ್ಲ. ಫೋಟೋದಲ್ಲಿರುವ ಕನ್ನಡ ಹುಡುಕಿದರೆ ಸುಲಭಕ್ಕೆ ಸಿಗದು. ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಕಣ್ಣು ಕಾಣದ ಮಗುವಿಗೆ ಫೋನು ಅದನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯೂ ಇಲ್ಲ.

ನಾವೂ ಸಾಚಾ ಅಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಪುಟ ಮಾಡಿ, ನೀಲಿ ಹಿನ್ನೆಲೆಗೆ ಕೆಂಪು ಅಕ್ಷರ ಹಾಕಿ ಬೀಗಿದ್ದೆವು. ಒಬ್ಬ ಮಗುವೂ ಪೂರ್ತಿ ಓದಲಿಲ್ಲ.

ಬೇಕಾದ್ದು ಇಷ್ಟೇ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಇಡೀ ಬರಹಕ್ಕೆ ಒಂದೇ ಫಾಂಟು. ಸಾಲಿನ ಅಂತರ ಒಂದೂವರೆ ಪಟ್ಟಿಗೆ ಕಡಿಮೆ ಬೇಡ. ಎರಡೂ ಅಂಚು ಸಮ ಮಾಡಲು ಹೋಗಬೇಡಿ, ಕನ್ನಡದ ಪದಗಳು ಉದ್ದ, ನಡುವೆ ಹಳ್ಳ ಬೀಳುತ್ತದೆ. ಇದು ಬರೀ ಹಳ್ಳಿ ಮೇಷ್ಟ್ರ ಹಟವಲ್ಲ. ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ ತ್ರೀ ಸಿ ಸಂಸ್ಥೆಯ ಮಾರ್ಗಸೂಚಿಯ ಉನ್ನತ ಹಂತದಲ್ಲೂ ಒಂದೂವರೆ ಅಂತರ ಮತ್ತು ಅಂಚು ಸಮ ಮಾಡದಿರುವುದು, ಎರಡೂ ಸೇರಿವೆ. ಫೋನಿನಲ್ಲಿ ಒಂದೇ ಅಂಕಣ ಇರಲಿ. ಓಡುವ ಸಾಲು, ಮಿನುಗುವ ದೀಪ ತೆಗೆದುಹಾಕಿ, ಮಗುವಿನ ಡೇಟಾವಾದರೂ ಉಳಿದೀತು.

ನಿಮ್ಮ ತಾಣವನ್ನು ಮುಂದಿನ ನವೆಂಬರ್ ಒಂದಕ್ಕೆ ಸಿಂಗರಿಸುವ ಮೊದಲು ಒಂದು ಹಳೆಯ ಫೋನಿನಲ್ಲಿ ತೆರೆದು, ಎಂಟನೇ ತರಗತಿಯ ಹುಡುಗನ ಕೈಗೆ ಕೊಟ್ಟು ಓದಿಸಿ ನೋಡಿ. ಅವನು ತಡವರಿಸಿದರೆ ತಪ್ಪು ಅವನದಲ್ಲ, ನಿಮ್ಮದು. ಏನಂತೀರಿ?