ಕಾಣದ ಅಗ್ನಿ ಮತ್ತು ಅನರ್ಥದಂಡ ವಿರತಿ

ನಮ್ಮ ತಾಯಿ ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮತ್ತೆ ಅದೇ ಬಾವಿಗೆ ಮೆಲ್ಲನೆ ಬಿಡುತ್ತಿದ್ದರು. ಕಣ್ಣಿಗೆ ಬೀಳದ ಜೀವವೂ ತನ್ನ ನೆಲೆಯನ್ನು ಕಳೆದುಕೊಳ್ಳಬಾರದೆಂಬ ಕಾಳಜಿ ಅವರದು. ಹೆಚ್ಚು ಓದು ಬಾರದ ಆ ತಾಯಿಯಿಂದ ನಾನು ಕಲಿತ ಮೊದಲ ಪಾಠ, ಕಾಣದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು.

ಕಳೆದ ದಶಲಕ್ಷಣ ಪರ್ವದಲ್ಲಿ ಆ ಪಾಠ ಮತ್ತೆ ನೆನಪಾಯಿತು. ಅಂದು ಉತ್ತಮ ತ್ಯಾಗ ಧರ್ಮದ ದಿನ. ಬಸದಿಯಿಂದ ಮನೆಗೆ ಬಂದು ಮೊಬೈಲ್ ತೆರೆದರೆ, ಸ್ಥಳ ತುಂಬಿದೆ, ಇನ್ನು ಮುಂದೆ ಏನನ್ನೂ ಉಳಿಸಲಾಗದು ಎಂಬ ಸೂಚನೆ. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನಿಗೆ ತೋರಿಸಿದೆ. ‘ಅಜ್ಜ, ತಿಂಗಳಿಗೆ ಸ್ವಲ್ಪ ಹಣ ಕಟ್ಟಿದರಾಯಿತು, ಎಲ್ಲವೂ ಕ್ಲೌಡಿನಲ್ಲಿ ಇರುತ್ತದೆ. ನೀವು ಏನನ್ನೂ ಬಿಡಬೇಕಾಗಿಲ್ಲ’ ಎಂದ. ತ್ಯಾಗದ ದಿನ ಕೇಳಿದ ಆ ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಕಾಡಿತು.

ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು ಎಂದು ಸಾವಿರಾರು ಮಕ್ಕಳಿಗೆ ಹೇಳಿದ್ದೇನೆ. ಆದರೂ ಮೋಡದ ಹೆಸರಿನ ಆ ಜಾಗ ಎಲ್ಲಿದೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಅದು ಇರುವುದು ನೆಲದ ಮೇಲೆ. ಕಿಟಕಿಗಳೇ ಇಲ್ಲದ ವಿಶಾಲ ಕಟ್ಟಡಗಳಲ್ಲಿ ಸಾಲು ಸಾಲಾಗಿ ಜೋಡಿಸಿದ ಸಾವಿರಾರು ಸರ್ವರ್ ಯಂತ್ರಗಳು ಹಗಲಿರುಳೂ ನಡೆಯುತ್ತವೆ. ಒಂದು ಯಂತ್ರ ಕೆಟ್ಟರೂ ಮಾಹಿತಿ ನಷ್ಟವಾಗದಂತೆ ಒಂದೇ ಚಿತ್ರದ ಹಲವು ಪ್ರತಿಗಳನ್ನು ಇಡಲಾಗುತ್ತದೆ. ಯಂತ್ರಗಳು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಬೃಹತ್ ಫ್ಯಾನುಗಳು ಬೇಕು, ಅನೇಕ ಕಡೆ ನೀರನ್ನು ಆವಿಯಾಗಿಸುವ ಗೋಪುರಗಳೂ ಬೇಕು. ವಿದ್ಯುತ್ ಕಡಿತವಾದರೆಂದು ಡೀಸೆಲ್ ಜನರೇಟರುಗಳು ಸದಾ ಸಿದ್ಧವಾಗಿರುತ್ತವೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ, 2024ರಲ್ಲಿ ಜಗತ್ತಿನ ಇಂತಹ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ಬಳಕೆಯಲ್ಲಿ ಶೇ 1.5ರಷ್ಟು. 2030ರ ವೇಳೆಗೆ ಇದು ಎರಡು ಪಟ್ಟಿಗೂ ಮಿಕ್ಕಿ, ಸುಮಾರು 94,500 ಕೋಟಿ ಯೂನಿಟ್ ಆಗಬಹುದೆಂದು ಆ ಸಂಸ್ಥೆ ಹೇಳಿದೆ. ಈ ಏರಿಕೆಗೆ ಮುಖ್ಯ ಕಾರಣ ಕೃತಕ ಬುದ್ಧಿಮತ್ತೆ. ಶೇ 1.5 ಅಲ್ಪವೆಂದು ತೋರಬಹುದು. ಆದರೆ ಈ ಕೇಂದ್ರಗಳು ಕೆಲವೇ ಸ್ಥಳಗಳಲ್ಲಿ ಗುಂಪಾಗಿ ನೆಲೆಸುವುದರಿಂದ ಹೊರೆಯೂ ಆ ಸ್ಥಳಗಳ ಮೇಲೆಯೇ ಬೀಳುತ್ತದೆ. ಪುಟ್ಟ ದೇಶವಾದ ಐರ್ಲೆಂಡಿನಲ್ಲಿ 2023ರಲ್ಲಿ ಮೀಟರಿನಲ್ಲಿ ದಾಖಲಾದ ವಿದ್ಯುತ್ತಿನ ಶೇ 21ರಷ್ಟನ್ನು ಇವೇ ಬಳಸಿದವು. ಅಲ್ಲಿನ ನಗರಗಳ ಎಲ್ಲ ಮನೆಗಳು ಸೇರಿ ಬಳಸಿದ್ದು ಶೇ 18. ಅಮೆರಿಕದ ಥ್ರೀ ಮೈಲ್ ಐಲ್ಯಾಂಡಿನಲ್ಲಿ 2019ರಲ್ಲಿ ಮುಚ್ಚಿದ್ದ ಅಣು ವಿದ್ಯುತ್ ಘಟಕವೊಂದನ್ನು ಮತ್ತೆ ತೆರೆದು, 20 ವರ್ಷ ಅದರ ವಿದ್ಯುತ್ತನ್ನು ಕೊಳ್ಳಲು ಮೈಕ್ರೋಸಾಫ್ಟ್ 2024ರಲ್ಲಿ ಒಪ್ಪಂದ ಮಾಡಿಕೊಂಡಿತು. ನಮ್ಮ ನೆರೆಯ ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ವೆಚ್ಚದಲ್ಲಿ ಬೃಹತ್ ಕೇಂದ್ರವೊಂದನ್ನು ಕಟ್ಟುವುದಾಗಿ ಗೂಗಲ್ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದೆ.

ಈ ವಿಷಯಕ್ಕೂ ಶ್ರಾವಕ ಧರ್ಮಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಒಂದು ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಮರ ಕಡಿಯುವುದು ಇವೆಲ್ಲ ಪ್ರಮಾದಚರ್ಯೆಯೇ. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಏಕೇಂದ್ರಿಯ ಜೀವಗಳಿಗೆ ಅವುಗಳಿಂದ ಬಾಧೆಯಾಗುತ್ತದೆ. ದತ್ತಾಂಶ ಕೇಂದ್ರವೊಂದರ ಕೆಲಸವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಐದಕ್ಕೆ ಐದೂ ಕಾಣುತ್ತವೆ. ತಾಮ್ರಕ್ಕಾಗಿ, ಕಲ್ಲಿದ್ದಲಿಗಾಗಿ ನೆಲವನ್ನು ಅಗೆಯಬೇಕು. ತಂಪಿಗಾಗಿ ನೀರು ಆವಿಯಾಗಬೇಕು. ವಿದ್ಯುತ್ತಿಗಾಗಿ ಎಲ್ಲೋ ಕುಲುಮೆ ಉರಿಯಬೇಕು. ಫ್ಯಾನುಗಳು ತಿರುಗುತ್ತಲೇ ಇರಬೇಕು. ಗಣಿಗಾಗಿ ಕಾಡು ಬೀಳಬೇಕು.

ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ಚರ್ಚೆ ನಮ್ಮ ಪಂಡಿತರಲ್ಲಿ ಬಹುಕಾಲದಿಂದ ನಡೆದಿದೆ. ಆ ಚರ್ಚೆಯನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಇಲ್ಲಿ ಅದರ ಅಗತ್ಯವೂ ಇಲ್ಲ. ಭಾರತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ತಂತಿಯಲ್ಲಿ ಹರಿಯುವುದರಲ್ಲಿ ಜೀವವಿದೆಯೋ ಇಲ್ಲವೋ, ರಾಯಚೂರಿನ ಶಕ್ತಿನಗರದ ಬಾಯ್ಲರಿನಲ್ಲಿ ಉರಿಯುವುದು ಅಗ್ನಿಯೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ.

ಹಾಗೆಂದು ಈ ಕಟ್ಟಡಗಳೆಲ್ಲ ಪಾಪದ ಮನೆಗಳೆಂದು ನಾನು ಹೇಳಲಾರೆ. ನನ್ನ ನಿವೃತ್ತಿ ವೇತನ ಬರುವುದು, ರೈಲಿನ ಟಿಕೆಟ್ ಸಿಗುವುದು, ರೋಗಿಯ ಸ್ಕ್ಯಾನ್ ವರದಿ ದೂರದ ವೈದ್ಯರನ್ನು ಮುಟ್ಟುವುದು ಅವುಗಳ ಮೂಲಕವೇ. ನಮ್ಮ ಸಮಾಜದ ಎಷ್ಟೋ ಯುವಕ ಯುವತಿಯರ ಅನ್ನವೂ ಅಲ್ಲಿಯೇ ಇದೆ. ಗೃಹಸ್ಥನಿಗೆ ಆರಂಭೀ ಹಿಂಸೆಯನ್ನೂ ಉದ್ಯೋಗೀ ಹಿಂಸೆಯನ್ನೂ ಪೂರ್ಣವಾಗಿ ಬಿಡಲು ಆಗದೆಂದು ಆಚಾರ್ಯರೇ ಒಪ್ಪಿದ್ದಾರೆ. ಅವರು ಗೆರೆ ಎಳೆದಿರುವುದು ಅರ್ಥಕ್ಕೂ ಅನರ್ಥಕ್ಕೂ ನಡುವೆ. ಒಲೆ ಹೊತ್ತಿಸುವುದು ಅಡುಗೆಗಾದರೆ ಅದು ಗೃಹಸ್ಥನ ಅನಿವಾರ್ಯ. ಅಡುಗೆಯಾದ ಮೇಲೂ ಉರಿಯಬಿಟ್ಟರೆ ಅದು ಅನರ್ಥದಂಡ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತದ ಅತಿಚಾರಗಳನ್ನೂ ಹೇಳಿದ್ದಾರೆ. ಮೌಖರ್ಯವೆಂದರೆ ಅಗತ್ಯವಿಲ್ಲದ ಮಾತು. ಅಸಮೀಕ್ಷ್ಯಾಧಿಕರಣವೆಂದರೆ ವಿಚಾರಿಸದೆ ಕಾರ್ಯಕ್ಕಿಳಿಯುವುದು. ಉಪಭೋಗ ಪರಿಭೋಗಾನರ್ಥಕ್ಯವೆಂದರೆ ಬೇಕಾದುದಕ್ಕಿಂತ ಹೆಚ್ಚು ಭೋಗವಸ್ತುಗಳನ್ನು ಕೂಡಿಹಾಕುವುದು. ಬೆಳಗಾದರೆ ಹತ್ತು ಗುಂಪುಗಳಿಗೆ ಹೋಗುವ ಶುಭೋದಯದ ಚಿತ್ರಗಳು, ಓದದೆ ಮುಂದಕ್ಕೆ ಕಳುಹಿಸುವ ಸಂದೇಶಗಳು, ಅಭಿಷೇಕದ ಸಮಯದಲ್ಲಿ ಕೈಮುಗಿಯುವ ಬದಲು ಮೊಬೈಲ್ ಎತ್ತಿಹಿಡಿದು ನಲವತ್ತು ಮಂದಿ ತೆಗೆಯುವ ಒಂದೇ ದೃಶ್ಯದ ವಿಡಿಯೊಗಳು, ತಮಾಷೆಗಾಗಿ ಕೃತಕ ಬುದ್ಧಿಮತ್ತೆಯಿಂದ ಬರೆಯಿಸಿ ಮರುಗಳಿಗೆ ಮರೆಯುವ ಚಿತ್ರಗಳು, ಇವು ಆ ಮೂರು ಅತಿಚಾರಗಳಿಗೆ ನಮ್ಮ ಕಾಲದ ಉದಾಹರಣೆಗಳು. ಈ ಪಟ್ಟಿಯಲ್ಲಿ ನಾನೂ ಇದ್ದೇನೆ.

‘ನೀವೊಬ್ಬರು ನಾಲ್ಕು ಚಿತ್ರ ಅಳಿಸಿದರೆ ಯಾವ ಬಾಯ್ಲರ್ ಆರುತ್ತದೆ?’ ಎಂದು ಮೊಮ್ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಸುಮ್ಮನೆ ಇಟ್ಟಿರುವ ಚಿತ್ರವೊಂದಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ. ವಿಡಿಯೊಗಳಿಗೆ, ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಗಳಿಗೆ ಅದಕ್ಕಿಂತ ಹೆಚ್ಚು ಬೇಕು. ನನ್ನಿಂದ ಯಾವ ಬಾಯ್ಲರೂ ಆರದು. ಆದರೆ ನನ್ನ ತಾಯಿ ನೀರು ಸೋಸಿದ್ದರಿಂದ ಲೋಕದ ಜೀವಹಿಂಸೆಯೂ ನಿಂತಿರಲಿಲ್ಲ. ತನ್ನ ಕೈಯಿಂದ ಆಗುವುದು ಎಷ್ಟು ಎಂಬುದನ್ನು ಅವರು ಅಳೆದುಕೊಂಡಿದ್ದರು. ಕೃತ, ಕಾರಿತ, ಅನುಮೋದನ ಎಂಬ ಮೂರೂ ದ್ವಾರಗಳಿಂದ ಕರ್ಮಾಸ್ರವವಾಗುತ್ತದೆಂದು ನಂಬುವವರು, ದೂರದಲ್ಲಿ ಉರಿಯುವ ಬೆಂಕಿಗೆ ತಾವು ಹೊಣೆಯಲ್ಲ ಎನ್ನುವಂತಿಲ್ಲ. ಆ ಬೆಂಕಿ ಉರಿಯುವುದು ನಮ್ಮ ಬೇಡಿಕೆಗಾಗಿ.

ಅಂದು ರಾತ್ರಿ ಮೊಬೈಲ್ ಹಿಡಿದು ಕುಳಿತೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಚಿತ್ರಗಳು. ಶುಭಾಶಯಗಳನ್ನೂ ಮಸುಕಾದವುಗಳನ್ನೂ ಅಳಿಸುವುದು ಸುಲಭವಾಗಿತ್ತು. ಆಮೇಲೆ ನಾಲ್ಕು ವರ್ಷದ ಹಿಂದೆ ತೀರಿಕೊಂಡ ನನ್ನ ಪತ್ನಿಯ ಚಿತ್ರಗಳು ಬಂದವು. ಶ್ರವಣಬೆಳಗೊಳದ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿರುವ ಒಂದೇ ಭಂಗಿಯ ಇಪ್ಪತ್ತಮೂರು ಚಿತ್ರಗಳು. ಬೆರಳು ಮುಂದೆ ಹೋಗಲಿಲ್ಲ. ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯೆಂದು ಏಕೆ ಕರೆದರೆಂಬುದು ಆಗ ತಿಳಿಯಿತು. ಕ್ಷೇತ್ರ, ವಾಸ್ತು, ಧನ, ಧಾನ್ಯ ಮೊದಲಾದ ಹತ್ತು ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಈ ಚಿತ್ರಗಳಿಗೆ ಹೆಸರಿಲ್ಲ. ಮೂರ್ಛೆಗೆ ಪಟ್ಟಿ ಬೇಕಾಗಿರಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಕುಳಿತು, ಆಕೆ ನಗುತ್ತಿದ್ದ ಒಂದನ್ನು ಉಳಿಸಿದೆ. ಆಕೆಯ ಧ್ವನಿಯಲ್ಲಿದ್ದ ಒಂದು ಸ್ತವನವನ್ನೂ ಉಳಿಸಿದೆ. ಅದನ್ನು ಬಿಡುವಷ್ಟು ನಾನು ಇನ್ನೂ ಬೆಳೆದಿಲ್ಲ. ಪರಿಮಾಣ ವ್ರತವೆಂದರೆ ಮಿತಿಯೇ ಹೊರತು ಶೂನ್ಯವಲ್ಲ ಎಂಬುದೇ ನನಗೆ ಸಮಾಧಾನ.

ಉಳಿಸುವುದು ನಮ್ಮ ಧರ್ಮಕ್ಕೆ ಹೊಸತಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಧವಲಾ, ಜಯಧವಲಾ ಗ್ರಂಥಗಳನ್ನು ಮೂಡಬಿದಿರೆಯ ಬಸದಿ ಶತಮಾನಗಳ ಕಾಲ ತಾಳೆಗರಿಯಲ್ಲಿ ಕಾಪಾಡಿತು. ಒಂದೊಂದು ಗರಿಯನ್ನು ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಯಾವುದು ಉಳಿಯಲು ಯೋಗ್ಯವೆಂದು ಮೊದಲೇ ಯೋಚಿಸುತ್ತಿದ್ದರು. ಇಂದು ಆ ಗರಿಗಳ ಪ್ರತಿಬಿಂಬಗಳನ್ನು ಕಂಪ್ಯೂಟರಿನಲ್ಲಿ ಕಾಪಿಡುವುದು ಶಾಸ್ತ್ರದಾನವೇ ಸರಿ. ಅವುಗಳಿಗೆ ಬೇಕಾಗುವ ಜಾಗದಲ್ಲಿ ನಮ್ಮ ಉಪಾಹಾರದ ಚಿತ್ರಗಳನ್ನು ತುಂಬುವುದಕ್ಕೆ ಆ ಹೆಸರು ಸಲ್ಲದು.

ವೈಯಕ್ತಿಕ ನಿಯಮದ ಜೊತೆಗೆ ನಾಗರಿಕರಾಗಿ ಕೇಳಬೇಕಾದ ಪ್ರಶ್ನೆಗಳೂ ಇವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದುದನ್ನು ನಾವು ಮರೆತಿಲ್ಲ. ಅದೇ ನಗರದ ವೈಟ್‌ಫೀಲ್ಡ್ ಸುತ್ತಮುತ್ತ ಇಂತಹ ಕೇಂದ್ರಗಳಿವೆ. ಹೊಸದಕ್ಕೆ ಅನುಮತಿ ನೀಡುವಾಗ ಯಾವ ನೀರು, ಎಷ್ಟು ನೀರು, ಯಾವ ಮೂಲದ ವಿದ್ಯುತ್ತು ಎಂಬುದನ್ನು ಸರ್ಕಾರ ಜನರ ಮುಂದಿಡಬೇಕು. ದಾರಿಗಳು ಇಲ್ಲದಿಲ್ಲ. ಫಿನ್ಲೆಂಡಿನ ಹಮೀನಾದಲ್ಲಿ ಹಳೆಯ ಕಾಗದದ ಕಾರ್ಖಾನೆಯಲ್ಲಿರುವ ಗೂಗಲ್ ಕೇಂದ್ರ ಸಮುದ್ರದ ನೀರಿನಿಂದ ತಂಪಾಗುತ್ತದೆ. ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಮೆಟಾ ಕೇಂದ್ರದ ಶಾಖ ಊರಿನ ಮನೆಗಳನ್ನು ಬೆಚ್ಚಗಿಡುತ್ತದೆ. ಇವುಗಳಿಂದ ಹಿಂಸೆ ಇಲ್ಲವಾಗದು, ಕಡಿಮೆಯಾಗುತ್ತದೆ. ಗೃಹಸ್ಥ ಧರ್ಮ ಕೇಳುವುದೂ ಅಷ್ಟನ್ನೇ.

ಅಷ್ಟಮಿ, ಚತುರ್ದಶಿಗಳಂದು ಹಸಿರು ಬಿಡುವ, ಉಪವಾಸ ಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ದಿನಗಳಲ್ಲಿ ವಿಡಿಯೊ ನೋಡುವುದನ್ನೂ ಸಂದೇಶ ರವಾನಿಸುವುದನ್ನೂ ಬಿಡುವ ನಿಯಮವೊಂದನ್ನು ಸೇರಿಸಿಕೊಳ್ಳಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ಏಕೇಂದ್ರಿಯ ಜೀವಗಳ ಕ್ಷಮೆ ಬೇಡುವಾಗ, ಇಂದು ನನ್ನ ಬೆರಳ ತುದಿಯಿಂದ ಎಲ್ಲಿ ಎಷ್ಟು ಬೆಂಕಿ ಹೊತ್ತಿತು ಎಂದು ಒಂದು ಕ್ಷಣ ನೆನೆಯಬಹುದು. ನಾನು ಕ್ಲೌಡಿಗೆ ಬಾಡಿಗೆ ಕಟ್ಟಲಿಲ್ಲ. ಮೊಬೈಲಿನಲ್ಲಿ ಈಗ ಸಾಕಷ್ಟು ಜಾಗವಿದೆ.