ಬೆಂಗಳೂರಿನ ಗ್ರಂಥಾಲಯ ಸಮುದ್ರದ ಪಾಲು!

ಕಂಪ್ಯೂಟರ್ ಓದುವ ಮಕ್ಕಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ‘ಹತ್ತಿರದ್ದನ್ನು ಹುಡುಕಿಕೊಡುವ’ ತಂತ್ರಾಂಶಕ್ಕೆ ಬಲು ಬೇಡಿಕೆ. ಹತ್ತಿರದ ಆಸ್ಪತ್ರೆ, ಹತ್ತಿರದ ಹಾಸ್ಟೆಲ್, ಹತ್ತಿರದ ಗ್ರಂಥಾಲಯ. ಪೈಥಾನ್ ಭಾಷೆಯಲ್ಲಿರುವ ಜ್ಯಾಂಗೊ ಮತ್ತು ಅದರ ಭೂಗೋಳ ವಿಭಾಗವಾದ ಜಿಯೋಜ್ಯಾಂಗೊ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ತೊಂದರೆ ಏನೆಂದರೆ, ಪ್ರಶ್ನೆ ತಪ್ಪಿದ್ದರೂ ಅದು ಒಮ್ಮೊಮ್ಮೆ ಸುಮ್ಮನೆ ಉತ್ತರ ಕೊಟ್ಟುಬಿಡುತ್ತದೆ.

ಗ್ರಂಥಾಲಯದ ಉದಾಹರಣೆಯನ್ನೇ ನೋಡಿ. ಒಂದು ಕೋಷ್ಟಕದಲ್ಲಿ ಗ್ರಂಥಾಲಯಗಳ ಹೆಸರು. ಇನ್ನೊಂದರಲ್ಲಿ ಅವುಗಳ ಶಾಖೆಗಳು, ಪ್ರತಿ ಶಾಖೆಯ ಸ್ಥಾನಬಿಂದು. ನಮಗೆ ಬೇಕಾದದ್ದು, ಕಾಲೇಜಿನಿಂದ 2 ಕಿ.ಮೀ. ಒಳಗೆ ಶಾಖೆ ಇರುವ ಗ್ರಂಥಾಲಯಗಳು. ಗ್ರಂಥಾಲಯಕ್ಕೆ ಸ್ವಂತ ಬಿಂದು ಇಲ್ಲವಾದ್ದರಿಂದ ಶಾಖೆಯ ಮೂಲಕವೇ ಹೋಗಬೇಕು. ಹಾದಿಯ ಹೆಸರುಗಳನ್ನು ಎರಡೆರಡು ಅಂಡರ್‌ಸ್ಕೋರ್‌ಗಳಿಂದ ಪೋಣಿಸಿದರಾಯಿತು. (ಇದಕ್ಕೆ ‘ಜಿಯೋಮ್ಯಾನೇಜರ್’ ಬೇಕೆಂದು ಹಳೆಯ ಪಾಠಗಳು ಹೇಳುತ್ತವೆ. 2017ರಲ್ಲಿ ಬಂದ ಜ್ಯಾಂಗೊ 2.0ರಲ್ಲೇ ಅದನ್ನು ತೆಗೆದುಹಾಕಲಾಯಿತು. ಕಣ್ಣುಮುಚ್ಚಿ ನಕಲು ಮಾಡಿದರೆ ಪ್ರೋಗ್ರಾಂ ನಡೆಯದು.)

ಒಂದೇ ಗ್ರಂಥಾಲಯ ಪಟ್ಟಿಯಲ್ಲಿ ಮೂರು ಸಲ ಬಂತೇ? ಗಾಬರಿ ಬೇಡ, ಅದರ ಮೂರು ಶಾಖೆಗಳು ವೃತ್ತದೊಳಗಿವೆ, ಅಷ್ಟೆ. ‘ಡಿಸ್ಟಿಂಕ್ಟ್’ ಸೇರಿಸಿ. ಬೆಂಗಳೂರಿನ ಕಾಲೇಜಿಗೆ ಮೈಸೂರಿನ ಶಾಖೆ ಹತ್ತಿರ ಎಂದಿತೇ? ಹಾಗಾದರೆ ನೀವು ‘ಡಿ-ವಿದಿನ್’ ಬಳಸಿ 2 ಎಂಬ ಬರೀ ಅಂಕೆ ಕೊಟ್ಟಿದ್ದೀರಿ. ಅಕ್ಷಾಂಶ-ರೇಖಾಂಶದ ಸಾಮಾನ್ಯ ಜಿಯೋಮೆಟ್ರಿ ಅಂಕಣದಲ್ಲಿ ಅದು 2 ಡಿಗ್ರಿ. ಎಂದರೆ 200 ಕಿ.ಮೀ.ಗೂ ಮಿಕ್ಕಿದ ದೂರ. ‘ಡಿಸ್ಟೆನ್ಸ್ ಎಲ್‌ಟಿಇ’ ಬಳಸಿ, ಕಿ.ಮೀ. ಎಂದು ಬಿಡಿಸಿ ಹೇಳಿ.

ಇವೆರಡೂ ಕಣ್ಣಿಗೆ ಬೀಳುವ ತಪ್ಪುಗಳು. ಬೀಳದ್ದು ಇನ್ನೊಂದಿದೆ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತವರು. ಜಿಯೋಜ್ಯಾಂಗೊದ ‘ಪಾಯಿಂಟ್’ಗೆ ರೇಖಾಂಶವೇ ಮೊದಲು. ಬೆಂಗಳೂರಿಗೆ 77.59, ಆಮೇಲೆ 12.97. ಇವು ಅದಲುಬದಲಾದರೂ ಕಂಪ್ಯೂಟರ್ ತಕರಾರು ಮಾಡದು, 77.59 ಎಂಬುದು 90ಕ್ಕಿಂತ ಕಡಿಮೆಯಾದ್ದರಿಂದ ಅಕ್ಷಾಂಶವಾಗಿಯೂ ಸಲ್ಲುತ್ತದೆ. ಬೆಂಗಳೂರು ಮಾತ್ರ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮದ ಸಮುದ್ರಕ್ಕೆ ಹೋಗಿ ಬೀಳುತ್ತದೆ!

ಕಾಲೇಜು, ಶಾಖೆ ಎರಡೂ ಜೊತೆಯಾಗಿ ಬೀಳುವುದರಿಂದ ಉತ್ತರವೂ ನಂಬುವಂತೆಯೇ ಇರುತ್ತದೆ. ಆದರೆ ಧ್ರುವದತ್ತ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ. ಬೆಂಗಳೂರಿನಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108 ಕಿ.ಮೀ., ಅಲ್ಲಿ ಸುಮಾರು 24. ಹೀಗಾಗಿ ಕಾಲೇಜಿನ ಉತ್ತರಕ್ಕೆ 9 ಕಿ.ಮೀ. ದೂರವಿರುವ ಶಾಖೆಯನ್ನೂ 2 ಕಿ.ಮೀ. ಒಳಗಿದೆ ಎಂದು ತೋರಿಸುತ್ತದೆ. ಅದನ್ನು ನಂಬಿ ನಡೆದು ಹೊರಟವರ ಗತಿ? ತಮಾಷೆಯೆಂದರೆ ಪೂರ್ವ-ಪಶ್ಚಿಮದ ದೂರ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಅದನ್ನಷ್ಟೇ ಪರೀಕ್ಷಿಸಿದವರು ನೆಮ್ಮದಿಯಿಂದ ಪ್ರಾಜೆಕ್ಟ್ ಒಪ್ಪಿಸಿಬಿಡುತ್ತಾರೆ.

ತಂದೆ-ತಾಯಂದಿರೇ, ಇದನ್ನು ಪತ್ತೆಹಚ್ಚಲು ನಿಮಗೆ ಪೈಥಾನ್ ಬರಬೇಕಿಲ್ಲ. ಮನೆಯಿಂದ ಪೂರ್ವಕ್ಕೊಂದು, ಉತ್ತರಕ್ಕೊಂದು ಪರಿಚಿತ ಜಾಗ ಆರಿಸಿಕೊಳ್ಳಿ. ಎರಡರ ದೂರವನ್ನೂ ಮಗನ ಅಥವಾ ಮಗಳ ಪ್ರೋಗ್ರಾಂನಲ್ಲಿ ಕೇಳಿ, ನಕಾಶೆಯೊಂದಿಗೆ ತಾಳೆ ನೋಡಿ. ರಸ್ತೆಯ ದೂರವಲ್ಲ, ಅಳತೆಪಟ್ಟಿ ಇಟ್ಟು ಅಳೆದ ನೇರ ದೂರ.